ಶೆಫೀಲ್ಡ್ ಫುಟ್‌ಬಾಲ್: ಒಂದೇ ಊರಲ್ಲಿ ಇಷ್ಟೊಂದು ಜಗಳ ಯಾಕೆ?

ಪೇಪರ್‌ಟೌನ್ ಹುಡುಗ
ಇಂಗ್ಲೆಂಡಿನ ಶೆಫೀಲ್ಡ್ ಯುನೈಟೆಡ್ ಮತ್ತು ಶೆಫೀಲ್ಡ್ ವೆಡ್ನಸ್‌ಡೇ ಮ್ಯಾಚಿನ ವಿಡಿಯೋ ನೋಡಿದೆ. ಎರಡೂ ಒಂದೇ ಊರಿನ ತಂಡ. ಆದರೂ ಆ ಬೈಗುಳ, ಆ ಪೊಲೀಸ್ ಕುದುರೆಗಳು! ಉಕ್ಕಿನ ಊರು ಅಂದ್ರೆ ಹೀಗೇನಾ? ಭದ್ರಾವತಿಯೂ ಉಕ್ಕಿನ ಊರೇ ಅಲ್ವಾ. ಇಲ್ಲಿ ಕಬಡ್ಡಿಗೆ ಸೇರುವಷ್ಟು ಜನ ಫುಟ್‌ಬಾಲಿಗೆ ಸೇರುವುದಿಲ್ಲ. ಅಲ್ಲಿ ಇದ್ದು ಬಂದವರು ಹೇಳಿ.

ಹಳೇ ಐರನ್
ನಾನು ಕೆಲಸದ ಮೇಲೆ ಅಲ್ಲಿದ್ದೆ. ಅಪ್ಪ ಭದ್ರಾವತಿಯ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್‌ನಲ್ಲಿ ಇದ್ದವರು. ಅದಕ್ಕೇ "ಉಕ್ಕಿನವರು ಒರಟರು" ಅಂದರೆ ನನಗೆ ಸಿಟ್ಟು ಬರುತ್ತದೆ. ಕುಲುಮೆ ಪಕ್ಕ ಒಂದು ಷಿಫ್ಟ್ ನಿಂತವನು ಮೆಲ್ಲಗೆ ಮಾತಾಡಲಾರ. ನಮ್ಮಪ್ಪ ಮನೆಯಲ್ಲೂ ಕೂಗುತ್ತಿದ್ದರು. ಇವತ್ತು ಏನು ಸಾರು ಅಂತ ಪಕ್ಕದ ಕ್ವಾರ್ಟರ್ಸ್‌ನವರಿಗೂ ಗೊತ್ತಾಗುತ್ತಿತ್ತು.

ಶೆಫೀಲ್ಡಿನಲ್ಲಿ ಫುಟ್‌ಬಾಲ್ ಬಹಳ ಹಳೆಯದು. ಶೆಫೀಲ್ಡ್ ಎಫ್‌ಸಿ ಅನ್ನೋ ಕ್ಲಬ್ ಹುಟ್ಟಿದ್ದು 1857ರಲ್ಲಿ. ವೆಡ್ನಸ್‌ಡೇ 1867, ಯುನೈಟೆಡ್ 1889. ಗ್ಲಾಸ್ಗೋದಲ್ಲಿ ತಂಡಗಳ ಹಿಂದೆ ಧರ್ಮದ ಜಗಳ ಇದೆ, ಶೆಫೀಲ್ಡಿನಲ್ಲಿ ಅದೂ ಇಲ್ಲ. ಒಂದೇ ಮನೆಯಲ್ಲಿ ಮಾವ ಯುನೈಟೆಡ್, ಅಳಿಯ ವೆಡ್ನಸ್‌ಡೇ. ಎರಡೂ ಕಡೆಯವರು ಎದುರಿನವರನ್ನು "ಹಂದಿಗಳು" ಅಂತಾರೆ. ಯಾರು ಮೊದಲು ಶುರು ಮಾಡಿದ್ದು ಅಂತ ಕೇಳಿದರೆ ಇನ್ನೊಂದು ಜಗಳ.

1979ರ ಡಿಸೆಂಬರ್ 26ರಂದು ಯುನೈಟೆಡ್ ವಿರುದ್ಧ ವೆಡ್ನಸ್‌ಡೇ 4–0 ಗೆದ್ದಿತು. ಮೂರನೇ ಡಿವಿಷನ್, ಅಂದ್ರೆ ಮೂರನೇ ದರ್ಜೆಯ ಲೀಗ್ ಮ್ಯಾಚ್ ಅದು! ನೋಡಲು ಬಂದವರು 49,309 ಜನ. ಆಗ ಹುಟ್ಟದೇ ಇದ್ದವರೂ ಇವತ್ತಿಗೂ ಅದರ ಹಾಡು ಹಾಡುತ್ತಾರೆ.

ಶರಾವತಿ ಕಡೆಯವ
ಫ್ಯಾಕ್ಟರಿ ಮುಚ್ಚಿ ಕೆಲಸ ಹೋಯಿತು, ಹುಡುಗರು ಹಾದಿ ತಪ್ಪಿದರು. ಅಷ್ಟೇ ಕಥೆ.

ಹಳೇ ಐರನ್
ಇಲ್ಲ ಸ್ವಾಮಿ, ಲೆಕ್ಕ ಕೂಡುವುದಿಲ್ಲ. ಇಂಗ್ಲೆಂಡಿನ ಮೈದಾನಗಳಲ್ಲಿ ಹೊಡೆದಾಟ ಜೋರಾಗಿದ್ದು 60–70ರ ದಶಕದಲ್ಲೇ. ಶೆಫೀಲ್ಡಿನಲ್ಲಿ ಉಕ್ಕಿನ ಕೆಲಸ ಸಾವಿರಗಟ್ಟಲೆ ಹೋಗಿದ್ದು 80ರ ದಶಕದಲ್ಲಿ. ಹೊಡೆದಾಡುವವರು ಇದ್ದರು, ಅದನ್ನು ಮುಚ್ಚಿಡಲ್ಲ. ಆದರೆ ಅವರ ನೆಪದಲ್ಲಿ ಬಂದವರನ್ನೆಲ್ಲ ಪುಂಡರು ಅಂತ ನೋಡಿ, ಮೈದಾನದ ಸುತ್ತ ಕಬ್ಬಿಣದ ಬೇಲಿ ಹಾಕಿದರು.

ಆ ಬೇಲಿ ಏನು ಮಾಡಿತು ಗೊತ್ತಾ? 1989ರ ಏಪ್ರಿಲ್ 15, ವೆಡ್ನಸ್‌ಡೇಯವರ ಹಿಲ್ಸ್‌ಬರೋ ಮೈದಾನ. ಲಿವರ್‌ಪೂಲ್–ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೆಮಿಫೈನಲ್. ಹೊರಗೆ ನೂಕುನುಗ್ಗಲಾಯಿತು, ಪೊಲೀಸರು ದೊಡ್ಡ ಗೇಟು ತೆಗೆಸಿದರು. ಜನ ನೇರ ನಡುವಿನ, ಬೇಲಿ ಕಟ್ಟಿದ ನಿಂತು ನೋಡುವ ಜಾಗಗಳಿಗೆ ನುಗ್ಗಿದರು. ಅವು ಮೊದಲೇ ತುಂಬಿದ್ದವು, ಮುಂದೆ ಬೇಲಿ. 97 ಜನ ಸತ್ತರು. ಪೊಲೀಸರು "ಕುಡಿದು ಬಂದಿದ್ದರು" ಅಂತ ಅಭಿಮಾನಿಗಳ ಮೇಲೇ ಹಾಕಿದರು. ಅಭಿಮಾನಿಗಳದೇನೂ ತಪ್ಪಿಲ್ಲ ಅಂತ ಜ್ಯೂರಿ ಹೇಳಿದ್ದು 2016ರಲ್ಲಿ. ಇಪ್ಪತ್ತೇಳು ವರ್ಷ ಸತ್ತವರ ಮನೆಯವರು ಸುಮ್ನೆ ಕೂರಲಿಲ್ಲ. ಒರಟರು ಯಾರು, ನೀವೇ ಹೇಳಿ.

ಶರಾವತಿ ಕಡೆಯವ
ಇದು ಗೊತ್ತಿರಲಿಲ್ಲ. ಆದರೂ ಕೆಲಸ ಹೋದ ಮೇಲೆ ಜಗಳ ಜಾಸ್ತಿ ಆಗಿರಲೇಬೇಕು ಅಂತ ನನ್ನ ಅನಿಸಿಕೆ.

ಪೇಪರ್‌ಟೌನ್ ಹುಡುಗ
ನಮ್ಮ ಕಡೆ ಉಕ್ಕು, ಫುಟ್‌ಬಾಲ್ ಎರಡೂ ಇರೋ ಊರೇ ಇಲ್ವಾ ಹಾಗಾದರೆ?

ಹಳೇ ಐರನ್
ಜಮ್ಷೆಡ್‌ಪುರ ಇದೆಯಲ್ಲ. 1987ರಿಂದ ಟಾಟಾ ಫುಟ್‌ಬಾಲ್ ಅಕಾಡೆಮಿ ಇದೆ, 2017ರಿಂದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ತಂಡ. ಅವರ ಮೈದಾನವನ್ನು "ಫರ್ನೇಸ್" (ಕುಲುಮೆ) ಅಂತಾರೆ. ಬೆಂಗಳೂರು ವಿರುದ್ಧ ಕಂಠೀರವಕ್ಕೆ ಬಂದಾಗ ಹೋಗೋಣ. ಮ್ಯಾಚ್ ಮುಗಿಸಿ ರಾತ್ರಿ ರೈಲಿಗೆ ವಾಪಸ್. ಆದರೆ ನಾನು ಜಮ್ಷೆಡ್‌ಪುರದ ಕಡೆಗೇ ಕೂಗೋದು, ಈಗಲೇ ಹೇಳಿದ್ದೇನೆ.