ಹೆಣ್ಣು ಹೂ ಎಲ್ಲ ಹೀಚಲ್ಲೇ ಹಳದಿಯಾಗಿ ಉದುರುತ್ತಿದೆ, ಕೈಯಾರೆ ಪರಾಗ ಹಚ್ಚಿದರೂ!

ಹಸಿರುಚಪ್ಪರ:
ಮೂರು ವಾರದಿಂದ ಇದೇ ಗೋಳು. ಬಳ್ಳಿ ಚಪ್ಪರದ ತುಂಬ ಹಬ್ಬಿದೆ, ಎಲೆ ಕಡು ಹಸಿರು, ದಿನಕ್ಕೆ ಒಂದೆರಡು ಹೆಣ್ಣು ಹೂವಾದರೂ ಬರುತ್ತಿವೆ. ಹೀಚು ಮಾತ್ರ ಹೆಬ್ಬೆರಳ ಗಾತ್ರ ದಾಟುತ್ತಿಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ ಬ್ರಷ್ಷಿನಿಂದ ಪರಾಗ ಹಚ್ಚುತ್ತಿದ್ದೇನೆ. ನೀರು, ಗೊಬ್ಬರ ಎಲ್ಲ ಸರಿಯಾಗಿದೆ. ಏನು ಕೊಡಬೇಕು ಹೇಳಿ, ಇಲ್ಲದಿದ್ದರೆ ಈ ವಾರ ಕಿತ್ತೇ ಹಾಕುತ್ತೇನೆ.

ಮಣ್ಣುಹದ:
ಬೋರಾನ್ ಕೊರತೆ. ಲೀಟರಿಗೆ 1 ಗ್ರಾಂ ಬೋರಾಕ್ಸ್ (ಬೋರಾನ್ ಇರುವ ಲವಣದ ಪುಡಿ). ಮೊದಲು ಅರ್ಧ ಲೋಟ ಬಿಸಿ ನೀರಲ್ಲಿ ಪೂರ್ತಿ ಕರಗಿಸಿಕೊಂಡು ಆಮೇಲೆ ತಣ್ಣೀರಿಗೆ ಬೆರೆಸಿ. ಎಲೆ ನೆನೆಯುವಷ್ಟು ಸಿಂಪಡಿಸಿ.

ತಾರಸಿತೋಟ:
ಔಷಧಿ ಆಮೇಲೆ. ಯಾವ ಬಳ್ಳಿ ಅಂತಲೇ ಹೇಳಿಲ್ಲ ನೀವು. ಕುಂಡವೋ ನೆಲವೋ? ಉದುರಿದ ಹೀಚನ್ನು ಉದ್ದಕ್ಕೆ ಸೀಳಿ ನೋಡಿ. ಒಳಗೆ ಬಿಳಿ ಹುಳ, ಹೊರಗೆ ಸೂಜಿ ಚುಚ್ಚಿದಂಥ ಗುರುತು, ಅಲ್ಲಿಂದ ಅಂಟು ಒಸರಿದ್ದರೆ ಹಣ್ಣುನೊಣದ ಕೆಲಸ. ಒಳಗೆ ಶುದ್ಧವಾಗಿದ್ದು ಹೂವಿನ ತುದಿ ಕಡೆಯಿಂದ ಹಳದಿ ಏರಿದ್ದರೆ ಪರಾಗ ಕಟ್ಟಿಲ್ಲ ಅಂತ ಅರ್ಥ.

ಹಸಿರುಚಪ್ಪರ:
60 ಲೀಟರ್ ಡ್ರಮ್, ಒಂದೇ ಬಳ್ಳಿ. ಸೀಳಿ ನೋಡಿದೆ, ಹುಳ ಇಲ್ಲ. ತುದಿಯಿಂದಲೇ ಹಳದಿಯಾಗುತ್ತಿದೆ.

ಮಣ್ಣುಹದ:
ಹುಳ ಇಲ್ಲ ಅಂದಮೇಲೆ ಬೋರಾನೇ. ಡ್ರಮ್ಮಿಗೆ ದಿನಾ ನೀರು ಹಾಕಿದರೆ ಬೋರಾನ್ ಕೆಳಗೆ ಬಸಿದುಹೋಗುತ್ತೆ. ಅದಿಲ್ಲದೆ ಪರಾಗದ ನಾಳ ಬೆಳೆಯೋದೇ ಇಲ್ಲ. 2 ಗ್ರಾಂ ಆದರೂ ಪರವಾಗಿಲ್ಲ, ವಾರಕ್ಕೊಮ್ಮೆ ಕೊಡಿ.

ಬೇರುಬಿಳಲು:
ಬೋರಾನ್ ಜೊತೆ ಹುಡುಗಾಟ ಬೇಡ ಸರ್. ಸಾಕು ಅನ್ನುವುದಕ್ಕೂ ವಿಷ ಅನ್ನುವುದಕ್ಕೂ ನಡುವೆ ಅಂತರ ಬಹಳ ಕಡಿಮೆ, ಹೆಚ್ಚಾದರೆ ಎಲೆಯಂಚು ಸುಟ್ಟು ಕಂದಾಗುತ್ತೆ. ಕೊರತೆ ಇದ್ದರೆ ಮೊದಲು ಕುಡಿಯಲ್ಲಿ ಕಾಣಬೇಕು. ಎಳೆ ಎಲೆ ದಪ್ಪಗಾಗಿ ಮುರುಟುತ್ತೆ, ಮುಟ್ಟಿದರೆ ಮುರಿಯುತ್ತೆ, ಕುಡಿ ಸಾಯುತ್ತೆ. ಇಲ್ಲಿ ಬಳ್ಳಿ ಚಪ್ಪರ ತುಂಬಿದೆ ಅಂತಿದ್ದಾರೆ.
ನನಗೆ ಅನುಮಾನ ಬ್ರಷ್ಷಿನ ಮೇಲೆ. ಕುಂಬಳ ಜಾತಿಯ ಬಳ್ಳಿಗಳ ಪರಾಗ ಅಂಟಂಟು, ಬಹಳಷ್ಟು ಕೂದಲಲ್ಲೇ ಉಳಿಯುತ್ತೆ. ಗಂಡು ಹೂ ಕಿತ್ತು, ಎಸಳು ಬಿಡಿಸಿ, ನೇರವಾಗಿ ಉಜ್ಜಿ.

ಮಣ್ಣುಹದ:
ಬ್ರಷ್ಷಿಗೆ ಏನೂ ಆಗಿಲ್ಲ. ಮೆತ್ತನೆ ಕೂದಲಿನ, ಒಣಗಿದ ಬ್ರಷ್ ಆದರೆ ಒಂದು ಗಂಡು ಹೂವಿಂದ ನಾಲ್ಕು ಹೆಣ್ಣು ಹೂ ಮುಟ್ಟಿಸಬಹುದು.

ಬೇರುಬಿಳಲು:
ನಾಲ್ಕು ಮುಟ್ಟಿಸಬಹುದು, ನಾಲ್ಕೂ ನಿಲ್ಲಲ್ಲ. ಹೆಣ್ಣು ಹೂವಿನ ನಡುವಿನ ಗಂಟಿಗೆ ಮೂರು ಭಾಗ ಇರುತ್ತೆ. ಮೂರಕ್ಕೂ ಪರಾಗ ಬೀಳದಿದ್ದರೆ ಕಾಯಿ ನಿಂತರೂ ಸೊಟ್ಟಗಾಗುತ್ತೆ.

ಹಸಿರುಚಪ್ಪರ:
ಬ್ರಷ್ ಬಿಟ್ಟು ಎರಡು ದಿನ ನೇರವಾಗಿಯೇ ಉಜ್ಜಿದೆ, ಅದೇ ಕಥೆ. ಬೆಳಿಗ್ಗೆ ಹೊತ್ತಿಗೆ ಬಿಳಿ ಹೂ ಮುದುಡಿಕೊಂಡಿರುತ್ತೆ, ಎಸಳು ಬಿಡಿಸೋದೇ ಕಷ್ಟ.

ತಾರಸಿತೋಟ:
ಬಿಳಿ ಹೂವಾ? ಸೋರೆ ಅಂತ ಮೊದಲೇ ಹೇಳಬಾರದಿತ್ತಾ! ಸೋರೆ ಹೂ ಬಿರಿಯೋದು ಸಂಜೆ, ಹೊತ್ತು ಮುಳುಗುವಾಗ. ರಾತ್ರಿ ಪತಂಗಗಳಿಗಾಗಿ ಅರಳುವ ಹೂ ಅದು. ಬೆಳಿಗ್ಗೆ ಎಂಟಕ್ಕೆ ನೀವು ಉಜ್ಜುತ್ತಿರುವುದು ಹಿಂದಿನ ಸಂಜೆಯ ಬಾಡಿದ ಹೂವನ್ನು. ಬೆಳಗಿನ ಲೆಕ್ಕ ಕುಂಬಳ, ಸೌತೆ, ಹಾಗಲಕ್ಕೆ.
ಸಂಜೆ ಆರರಿಂದ ಏಳೂವರೆ ಒಳಗೆ ಮಾಡಿ. ಆಗಷ್ಟೇ ಬಿರಿದ ಗಂಡು ಹೂವಿನ ಕೇಸರಕ್ಕೆ ಬೆರಳು ತಾಗಿಸಿ, ಪುಡಿ ಅಂಟಿದರೆ ಮಾತ್ರ ಕೀಳಿ. ಒಂದು ಹೆಣ್ಣಿಗೆ ಒಂದು ಗಂಡು ಸಿಕ್ಕರೆ ಒಳ್ಳೆಯದು. ಇನ್ನೊಂದು ಪ್ರಶ್ನೆ, ಸಂಜೆ ಹೊತ್ತು ಬಳ್ಳಿಗೆ ಏನಾದರೂ ಸಿಂಪಡಿಸುತ್ತೀರಾ?

ಹಸಿರುಚಪ್ಪರ:
ಬೇವಿನೆಣ್ಣೆ ಹತ್ತು ದಿನಕ್ಕೊಮ್ಮೆ, ಸಂಜೆಯೇ. ನೀರು ದಿನಾ ಸಂಜೆ ಮಕ್ಕಳು ಪೈಪಿನಲ್ಲಿ ಹಾಕುತ್ತಾರೆ. ಬೇಸಿಗೆ ಶುರುವಾಗುತ್ತಿದೆ ಅಂತ ಎಲೆಗೂ ಹಾರಿಸುತ್ತಾರೆ.

ತಾರಸಿತೋಟ:
ನಿಮ್ಮ ಬಳ್ಳಿಗೆ ಎರಡನೇ ಪೆಟ್ಟು ಅದು. ಪರಾಗಕ್ಕೆ ನೀರು ತಾಗಿದರೆ ಉಬ್ಬಿ ಒಡೆದುಹೋಗುತ್ತೆ, ಒದ್ದೆ ಹೂವಿಗೆ ಪತಂಗವೂ ಅಷ್ಟಾಗಿ ಬರಲ್ಲ. ನೀರನ್ನು ಬೆಳಿಗ್ಗೆ, ಬುಡಕ್ಕೆ ಮಾತ್ರ ಕೊಡಿ. ಬೇವಿನೆಣ್ಣೆಯನ್ನು ಹೂ ಮುದುಡಿದ ಮೇಲೆ, ಬಿಸಿಲೇರುವ ಮುಂಚೆ ಮುಗಿಸಿ.

ಮೂರನೇಕವಲು:
3ಜಿ, ಅಂದರೆ ಕುಡಿ ಚಿವುಟಿ ಮೂರನೇ ತಲೆಮಾರಿನ ಕವಲು ಬರಿಸೋದು, ಮಾಡಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಮುಖ್ಯ ಬಳ್ಳಿ ಚಪ್ಪರ ಮುಟ್ಟಿದಾಗ ಕುಡಿ ಚಿವುಟಬೇಕು, ಪಕ್ಕದ ಕವಲು 10–12 ಎಲೆ ಬಿಟ್ಟಮೇಲೆ ಅದನ್ನೂ ಚಿವುಟಬೇಕು. ಮೂರನೇ ಕವಲಲ್ಲಿ ಹೆಣ್ಣು ಹೂ ಜಾಸ್ತಿ.

ಬೇರುಬಿಳಲು:
ಅವರಿಗೆ ಹೆಣ್ಣು ಹೂವಿಗೆ ಬರ ಇಲ್ಲ, ನಿಲ್ಲುತ್ತಿಲ್ಲ ಅಷ್ಟೇ. ಚಿವುಟಿದರೆ ಉದುರೋ ಹೀಚು ಇನ್ನೂ ಹೆಚ್ಚಾಗುತ್ತೆ.



ಹಸಿರುಚಪ್ಪರ:
ಸಂಜೆ ಹಚ್ಚಲು ಶುರುಮಾಡಿ ಆರು ದಿನ ಆಯ್ತು. ಏಳರಲ್ಲಿ ಐದು ನಿಂತಿವೆ. ಮೂರನೇ ದಿನಕ್ಕೇ ತೊಟ್ಟು ಉದ್ದವಾಗಿ ಹೀಚು ಕೆಳಕ್ಕೆ ಬಾಗಿತು, ಮೈಮೇಲಿನ ನವಿರು ರೋಮ ಹೊಳೆಯುತ್ತಿದೆ. ಬಿದ್ದ ಎರಡೂ ಮಕ್ಕಳು ಪೈಪಿನ ನೀರು ಹಾರಿಸಿದ ಸಂಜೆಯವು.

ತಾರಸಿತೋಟ:
ಬಹಳ ಖುಷಿಯಾಯ್ತು. ಈಗಲೇ ಒಂದೊಂದಕ್ಕೂ ಬಲೆ ಚೀಲ ಕಟ್ಟಿ, ತೊಟ್ಟಿಗೆ ಬಿಗಿಯಬೇಡಿ. ಸಿಪ್ಪೆ ಎಳೆಯದಾಗಿರುವಾಗಲೇ ನೊಣ ಚುಚ್ಚೋದು.

ಮಣ್ಣುಹದ:
ಒಂದು ಸಲ 1 ಗ್ರಾಂ ಬೋರಾಕ್ಸ್ ಕೊಡಿ, ಮುಂದೆ ಆ ಎರಡರಂತೆ ಬೀಳದೆ ಎಲ್ಲ ನಿಲ್ಲುತ್ತವೆ.

ಹೊಸಪಾತಿ:
ಇದೇ ಸಾಲಲ್ಲಿ ಕೇಳುತ್ತೇನೆ, ಹೀರೆ ಹೂವಿಗೂ ಸಂಜೆಯೇ? ನಮ್ಮದರಲ್ಲಿ ಹೆಣ್ಣು ಹೂ ಬರುವ ದಿನ ಗಂಡು ಹೂವೇ ಇರಲ್ಲ.