ಸ್ವಾಲ್ಬಾರ್ಡ್ ಫಿಯಾರ್ಡ್ ಹೂಳು: ಗಿಡವೇ ಇಲ್ಲದ ಕಡೆ ಮಾಡೆಲ್ ‘ನೆಲದ ಗಿಡ’ ಅನ್ನುತ್ತಿದೆ, ಯಾಕೆ?

ಕೆಸರುಕಣ್ಣು:
ಎಲ್ಲರಿಗೂ ನಮಸ್ಕಾರ. ಆರ್ಕ್ಟಿಕ್ ದ್ವೀಪಸಮೂಹ ಸ್ವಾಲ್ಬಾರ್ಡ್‌ನ ಕಾಂಗ್ಸ್‌ಫ್ಯೋರ್ಡನ್ ಎಂಬ ಫಿಯಾರ್ಡ್ (ಹಿಮನದಿ ಕೊರೆದ ಉದ್ದ ಕಡಲ ಕೊಲ್ಲಿ) ತಳದ ಹೂಳಿನಲ್ಲಿರುವ ಸಾವಯವ ಕಾರ್ಬನ್ ಎಲ್ಲಿಂದ ಬಂತು ಅಂತ ನೋಡುತ್ತಿದ್ದೇನೆ. ಕಾರ್ಬನ್-13 ಮೌಲ್ಯ (ಭಾರದ ಕಾರ್ಬನ್ ಮಾನಕಕ್ಕಿಂತ ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಅನ್ನುವ ಅಳತೆ) ಅಳೆದು ಎರಡು ಮೂಲಗಳ ಮಾಡೆಲ್‌ಗೆ ಹಾಕಿದೆ. ಕಡಲ ಪಾಚಿಗೆ ಮೈನಸ್ 21, ನೆಲದ ಗಿಡಕ್ಕೆ ಮೈನಸ್ 27. ಕ್ರೋನೆಬ್ರೀನ್ ಹಿಮನದಿಯ ಬಾಯಿಯ ಹತ್ತಿರದ ಸ್ಯಾಂಪಲ್‌ಗಳು ಮೈನಸ್ 24, 25ರ ಆಸುಪಾಸು ಬಂದಿವೆ. ಅಂದರೆ ಅರ್ಧ ಅಥವಾ ಇನ್ನೂ ಜಾಸ್ತಿ ನೆಲದ ಗಿಡದ್ದು! ಆದರೆ ಅಲ್ಲಿ ಸುತ್ತ ಇರುವುದು ಮಂಜುಗಡ್ಡೆ, ಬಂಡೆ, ಒಂದಿಷ್ಟು ಹಾವಸೆ, ನೆಲಕ್ಕಂಟಿದ ಕುಳ್ಳ ಗಿಡ. ಅಷ್ಟು ಕಾರ್ಬನ್ ಅವು ಎಲ್ಲಿಂದ ಕೊಡಬೇಕು? ಇನ್ನೊಂದು ಕಡೆ, ಕಾರ್ಬನ್-ನೈಟ್ರೋಜನ್ ಅನುಪಾತ 7, 8 ಇದೆ. ಅದು ಕಡಲ ಪಾಚಿಯ ಗುರುತು ಅಲ್ವಾ? ಮೆಷಿನ್ ಮೇಲೆಯೇ ಅನುಮಾನ ಬರುತ್ತಿದೆ.

ಐಸೋಟೋಪ್ ಮೇಷ್ಟ್ರು:
ಮೆಷಿನ್ ಬಿಡಿ, ಮಾಡೆಲ್ ನೋಡಿ. ಮೂರನೇ ಮೂಲವೊಂದು ಅದರಲ್ಲಿ ಇಲ್ಲ: ಬಂಡೆಯೊಳಗಿನ ಹಳೇ ಕಾರ್ಬನ್. ಆ ಫಿಯಾರ್ಡ್ ದಂಡೆಯ ನಿ-ಓಲೆಸುಂಡ್‌ನಲ್ಲಿ 1960ರ ದಶಕದವರೆಗೆ ಕಲ್ಲಿದ್ದಲು ಗಣಿ ನಡೆಯುತ್ತಿತ್ತು. ಹಿಮನದಿ ಇಂಥ ಬಂಡೆಗಳನ್ನು ಅರೆದು ಪುಡಿ ಮಾಡಿ ನೇರ ನೀರಿಗೆ ಸುರಿಯುತ್ತದೆ. ಕಲ್ಲಿದ್ದಲೂ ಒಂದು ಕಾಲದ ಗಿಡವೇ ತಾನೇ? ಅದರ ಕಾರ್ಬನ್-13 ಮೌಲ್ಯ ಮೈನಸ್ 25ರ ಸುತ್ತ ಇರುತ್ತದೆ. ಇವತ್ತಿನ ಗಿಡ ಯಾವುದು, ಕೋಟಿಗಟ್ಟಲೆ ವರ್ಷ ಹಳೆಯದು ಯಾವುದು ಅಂತ ಆ ಒಂದು ಅಂಕಿಗೆ ಗೊತ್ತಾಗುವುದಿಲ್ಲ. ಹಿಮನದಿಯ ಬಾಯಲ್ಲಿ ನೀರು ಕಲಕಿ ಬೆಳಕು ಒಳಗಿಳಿಯದೆ ಪಾಚಿ ಬೆಳೆಯುವುದೂ ಕಡಿಮೆ. ಹಾಗಾಗಿ ಹಳೇ ಕಾರ್ಬನ್ನಿನ ಪಾಲು ಅಲ್ಲೇ ಎದ್ದು ಕಾಣುತ್ತದೆ.

ಅನುಪಾತ ಕಡಿಮೆ ಬಂದಿರುವುದಕ್ಕೆ ಜೇಡಿಮಣ್ಣು ಕಾರಣ ಇರಬಹುದು. ಅದರ ಪದರಗಳೊಳಗೆ ಅಮೋನಿಯಂ ಸಿಕ್ಕಿಕೊಂಡಿರುತ್ತದೆ. ಅದು ಸಾವಯವ ನೈಟ್ರೋಜನ್ ಅಲ್ಲ, ಆದರೆ ಮೆಷಿನ್ ಅದನ್ನೂ ಎಣಿಸುತ್ತದೆ. ನಿಮ್ಮ ಸ್ಯಾಂಪಲ್‌ಗಳಲ್ಲಿ ಸಾವಯವ ಕಾರ್ಬನ್ನೇ ಕಡಿಮೆ ಇದ್ದರೆ ಈ ಪಾಲು ದೊಡ್ಡದಾಗುತ್ತದೆ. ಒಂದು ಗ್ರಾಫ್ ಹಾಕಿ. ಅಡ್ಡಕ್ಕೆ ಕಾರ್ಬನ್, ಉದ್ದಕ್ಕೆ ನೈಟ್ರೋಜನ್. ಕಾರ್ಬನ್ ಸೊನ್ನೆ ಇರುವಲ್ಲಿ ಗೆರೆ ನೈಟ್ರೋಜನ್ ಅಕ್ಷವನ್ನು ಸೊನ್ನೆಗಿಂತ ಮೇಲೆ ಮುಟ್ಟಿದರೆ, ಆ ಎತ್ತರವೇ ಮಣ್ಣಿನ ನೈಟ್ರೋಜನ್ ಅಂದಾಜು.

ಬೆಂಚಿನ ಮೇಲೆ:
ಬಂಡೆಪುಡಿಯ ಸುಣ್ಣದ ಅಂಶ (ಕಾರ್ಬೊನೇಟ್) ತೆಗೆಯಲು ಆಸಿಡ್ ಯಾವ ರೀತಿ ಹಾಕಿದಿರಿ? ಕಾಂಗ್ಸ್‌ಫ್ಯೋರ್ಡನ್ ಸುತ್ತ ಅಮೃತಶಿಲೆ, ಡೋಲೋಮೈಟ್ ಎರಡೂ ಇವೆ. ಡೋಲೋಮೈಟ್ ತಣ್ಣನೆಯ ತೆಳು ಆಸಿಡ್‌ನಲ್ಲಿ ಬಹಳ ನಿಧಾನ ಕರಗುತ್ತದೆ. ಅದರ ಕಾರ್ಬನ್-13 ಮೌಲ್ಯ ಸೊನ್ನೆಯ ಹತ್ತಿರ, ಹಾಗಾಗಿ ಚೂರು ಉಳಿದರೂ ನಿಮ್ಮ ಅಂಕಿ ಕಡಲಿನ ಕಡೆಗೆ ಜಾರುತ್ತದೆ. ಬೆಳ್ಳಿ ಕಪ್‌ನಲ್ಲಿ ಆಸಿಡ್ ಹೊಗೆ ಕೊಡಿ. ತವರದ ಕಪ್ ಬೇಡ, ಆಸಿಡ್ ಅದನ್ನು ತಿಂದುಹಾಕುತ್ತದೆ.

ಕೆಸರುಕಣ್ಣು:
ಹೊಗೆಯೇ ಕೊಟ್ಟಿದ್ದು, ಬೆಳ್ಳಿ ಕಪ್‌ನಲ್ಲೇ. ಗ್ರಾಫ್ ಹಾಕಿದೆ ಮೇಷ್ಟ್ರೇ. ಗೆರೆ ಸೊನ್ನೆಗಿಂತ ಚೆನ್ನಾಗಿಯೇ ಮೇಲಿದೆ! ಅದನ್ನು ಕಳೆದರೆ ಅನುಪಾತ 12 ದಾಟುತ್ತದೆ. ಇನ್ನು ಬಂಡೆಯ ಪಾಲು ಬಿಡಿಸುವುದು ಹೇಗೆ?

ಐಸೋಟೋಪ್ ಮೇಷ್ಟ್ರು:
ರೇಡಿಯೋಕಾರ್ಬನ್. ಕಾರ್ಬನ್-14ರ ಅರ್ಧಾಯುಷ್ಯ ಸುಮಾರು 5,730 ವರ್ಷ. ಕಲ್ಲಿದ್ದಲಿನಲ್ಲಿ ಅದು ಪೂರ್ತಿ ಖಾಲಿ, ಹೊಸ ಪಾಚಿ, ಗಿಡಗಳಲ್ಲಿ ತುಂಬಿರುತ್ತದೆ. ಉದಾಹರಣೆಗೆ ಹೊಸದರ ಕಾರ್ಬನ್-14 ಮೌಲ್ಯ (ಮಾನಕದ ಎಷ್ಟು ಪಾಲು ಅಂತ) 0.95, ಹೂಳಿನದು 0.57 ಅಂದುಕೊಳ್ಳಿ. 0.57ನ್ನು 0.95ರಿಂದ ಭಾಗಿಸಿದರೆ 0.6, ಅಂದರೆ ಶೇ 60 ಹೊಸದು. ಉಳಿದ ಶೇ 40 ಬಂಡೆಯದು. ಅದನ್ನು ತೆಗೆದ ಮೇಲೆ ಕಾರ್ಬನ್-13 ಮಾಡೆಲ್ ಓಡಿಸಿ. ಬಂಡೆಯಿಂದ ಹೂಳಿಗೆ ಜಾಗ ಬದಲಿಸಿದ ಕಾರ್ಬನ್ ಗಾಳಿಯಿಂದ ಹೊಸದಾಗಿ ಹೀರಿದ್ದಲ್ಲ. ಫಿಯಾರ್ಡ್ ಎಷ್ಟು ಕಾರ್ಬನ್ ಹೂಳುತ್ತದೆ ಅಂತ ಲೆಕ್ಕ ಕೊಡುವಾಗ ಹೊಸದು, ಹಳೆಯದು ಎರಡನ್ನೂ ಸೇರಿಸಿಬಿಟ್ಟರೆ ಇಡೀ ಲೆಕ್ಕವೇ ದಾರಿ ತಪ್ಪುತ್ತದೆ. ಇದರಲ್ಲಿ ದಯವಿಟ್ಟು ರಾಜಿ ಬೇಡ.

ಎಲ್ಲ ಸ್ಯಾಂಪಲ್‌ಗೂ ದುಡ್ಡು ಸಾಲದಿದ್ದರೆ ಹಿಮನದಿಯಿಂದ ಫಿಯಾರ್ಡ್ ಬಾಯಿವರೆಗೆ ಕೆಲವನ್ನು ಆರಿಸಿ. ಉಳಿದವಕ್ಕೆ ಗಿಡದ ಮೇಣದ ಉದ್ದ ಸರಪಳಿ ಆಲ್ಕೇನ್ (ಕಾರ್ಬನ್, ಹೈಡ್ರೋಜನ್ ಮಾತ್ರ ಇರುವ ಅಣು) ನೋಡಿ. ಹೊಸ ಗಿಡದಲ್ಲಿ 27, 29, 31ರಂಥ ಬೆಸ ಸಂಖ್ಯೆಯ ಕಾರ್ಬನ್ ಇರುವವು ಎದ್ದು ಕಾಣುತ್ತವೆ. ಚೆನ್ನಾಗಿ ಮಾಗಿದ ಕಲ್ಲಿದ್ದಲಿನಲ್ಲಿ ಬೆಸ, ಸಮ ಹೆಚ್ಚುಕಡಿಮೆ ಒಂದೇ.

ಬೆಂಚಿನ ಮೇಲೆ:
ಕೆಲ್ಪ್ (ದೊಡ್ಡ ಕಂದು ಕಡಲಕಳೆ) ಮರೆಯಬೇಡಿ. ಅಲ್ಲಿ ದಂಡೆಯುದ್ದಕ್ಕೂ ಅದರ ಕಾಡೇ ಇದೆ, ಅದರ ಅನುಪಾತವೂ ಜಾಸ್ತಿ. ಸಮುದ್ರದ್ದೇ ಆದರೂ ನೆಲದ ಗಿಡದ ಹಾಗೆ ಕಾಣುತ್ತದೆ.

ಐಸೋಟೋಪ್ ಮೇಷ್ಟ್ರು:
ಹೌದು, ಅದನ್ನೂ ಸೇರಿಸಿ. ಇನ್ನೊಂದು ಮಾತು: ಮೇಲ್ಪದರದ ಹೂಳಿನಲ್ಲಿ 1950, 60ರ ದಶಕದ ಅಣುಬಾಂಬ್ ಪರೀಕ್ಷೆಗಳ ಕಾರ್ಬನ್-14 ಇರುತ್ತದೆ. ಹಾಗಾಗಿ ‘ಹೊಸದರ’ ಮೌಲ್ಯಕ್ಕೆ ನನ್ನ 0.95 ಹಾಕಬೇಡಿ, ಅದು ಸುಮ್ನೆ ಉದಾಹರಣೆ. ಅಲ್ಲಿಯದೇ ಪಾಚಿ, ಗಿಡ ಅಳೆದು ಆ ಅಂಕಿ ಹಾಕಿ.