ಕಾಕಾನ ಫಾರ್ವರ್ಡ್ ಮತ್ತು 4096 ಬೈಟ್

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಗ್ರೂಪಿಗೆ ಕಲಬುರಗಿಯಿಂದ ಕಾಕಾ ಒಂದು ಫಾರ್ವರ್ಡ್ ಹಾಕಿದರು. "ಎಚ್ಚರ! ಲಿನಕ್ಸ್‌ನಲ್ಲಿ 15 ವರ್ಷದಿಂದ ತೂತು ಇದೆ. ಒಂದು ಫೈಲಿಗೆ 4096 ಅಕ್ಷರಕ್ಕಿಂತ ಜಾಸ್ತಿ ಹಾಕಿದರೆ ಕಂಪ್ಯೂಟರ್, ಮೊಬೈಲ್ ಎಲ್ಲ ಕಳ್ಳರ ಕೈಗೆ. ಹತ್ತು ಜನಕ್ಕೆ ಕಳಿಸಿ."

ಲಿನಕ್ಸ್ ಅಂದರೆ ವಿಂಡೋಸ್ ಬದಲು ಕಂಪ್ಯೂಟರಿಗೆ ಪುಕ್ಕಟೆ ಹಾಕಿಕೊಳ್ಳಬಹುದಾದ ವ್ಯವಸ್ಥೆ. ಫಾರ್ವರ್ಡಿನ ಕೆಳಗೆ ಕಾಕಾನದೇ ಒಂದು ಸಾಲು: "ಪುಕ್ಕಟೆ ಸಿಗುವುದನ್ನು ನಂಬಬೇಡಿ ಅಂತ ನಾನು ಆವಾಗಲೇ ಹೇಳಿದ್ದೆ."

ಅಣ್ಣ: ಯಾರು ಬರೆದದ್ದು ಕಾಕಾ? ತಾರೀಕು ಯಾವುದು?

ಕಾಕಾ: ಗಂಜ್ ಮಾರ್ಕೆಟ್ಟಿನ ಗ್ರೂಪಲ್ಲಿ ಬಂತು. ಅಡತಿ ಅಂಗಡಿಯವರು ಹಾಕಿದ್ದು.

ಅಣ್ಣ: ಅವರು ತೊಗರಿ ರೇಟು ಹೇಳಿದರೆ ನಂಬುತ್ತೇನೆ. ಇದಕ್ಕೆ ಆಧಾರ ಬೇಕು.

ಕಾಕಾ: 2019ರಲ್ಲಿ ನಮ್ಮ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿ ಲಿನಕ್ಸ್ ಹಾಕಿದೆಯಲ್ಲ, ಆಗ ಯಾವ ಆಧಾರ ನೋಡಿದ್ದೆ?

ಅಕ್ಕ: ನನ್ನ ಮದುವೆ ಫೋಟೋ ಒಂದೂ ಉಳಿಯಲಿಲ್ಲ.

ಅಣ್ಣ: ಬೇಕಾದದ್ದು ತೆಗೆದಿಟ್ಟುಕೊಳ್ಳಿ ಅಂತ ಮೂರು ಸಲ ಹೇಳಿದ್ದೆ ಅಕ್ಕಾ.

ಅಕ್ಕ: ಕಾಕಾಗೆ ಹೇಳಿದೆ. ನನಗೆ ಹೇಳಿದೆಯಾ?

ದೊಡ್ಡಪ್ಪ: ಮಕ್ಕಳೇ, ಎಲ್ಲದಕ್ಕೂ ಮಿತಿ ಇರಬೇಕು. ಊಟಕ್ಕೂ ಇರಬೇಕು, ಮಾತಿಗೂ ಇರಬೇಕು. ಕಾಕಾ ಅಂದರೆ ಅಪ್ಪನ ಸಮಾನ.

ಆಗ ಬೀದರಿನಿಂದ ಮಾವನ ಮಗಳು ಬಂದಳು. "ಮಿತಿ ಅಂದಕೂಡಲೇ ಮನಿಆರ್ಡರ್ ನೆನಪಾಯಿತು. ನಾನು ಹಾಸ್ಟೆಲ್‌ನಲ್ಲಿ ಇದ್ದಾಗ ಅಪ್ಪ ತಿಂಗಳಿಗೊಮ್ಮೆ ಕಳಿಸುತ್ತಿದ್ದರು. ಕೆಳಗಿನ ಚೀಟಿಯಲ್ಲಿ ಬರೆಯಲು ಅಂಗೈಯಷ್ಟೇ ಜಾಗ. ಅಪ್ಪ ಅದರಲ್ಲೇ ಎಮ್ಮೆ ಕರು ಹಾಕಿದ್ದು, ಮಳೆ ಆಗದ್ದು ಎಲ್ಲ ತುಂಬಿಸುತ್ತಿದ್ದರು. ಜಾಗ ಸಾಲದೆ ಕೊನೆಯ ಸಾಲು ಗೆರೆ ದಾಟಿ ಆಚೆಗೆ ಹೋಗುತ್ತಿತ್ತು. ಪೋಸ್ಟ್‌ಮ್ಯಾನ್ ಚೀಟಿ ಹರಿದು ಕೊಟ್ಟಾಗ ಆ ಸಾಲು ಅವರ ಕಡೆಯ ಕಾಗದದಲ್ಲೇ ಉಳಿಯುತ್ತಿತ್ತು."

ಹನ್ನೆರಡು ಹೃದಯದ ಗುರುತು ಬಂದವು. ಫಾರ್ವರ್ಡ್ ಎಲ್ಲರಿಗೂ ಮರೆತೇ ಹೋಯಿತು. ನನಗೆ ಸುಮ್ನೆ ಇರಲು ಆಗಲಿಲ್ಲ. ಬೆಂಗಳೂರಿನಲ್ಲಿ ನಾನು ದಿನವೂ ಕೂರುವುದು ಲಿನಕ್ಸ್ ಸರ್ವರ್‌ಗಳ ಮುಂದೆಯೇ. ಬರೆದೆ:

"ಕಾಕಾ, ಇದು ಪೂರ್ತಿ ಸುಳ್ಳಲ್ಲ. ಆದರೆ ಹಳೇ ಸುದ್ದಿ. ಲಿನಕ್ಸ್‌ನಲ್ಲಿ ಸಿಸ್‌ಎಫ್‌ಎಸ್ ಅಂತ ಒಂದು ಜಾಗ ಇದೆ. ಅಲ್ಲಿರುವವು ನೋಡಲು ಫೈಲ್‌ಗಳು, ಆದರೆ ಡಿಸ್ಕಿನಲ್ಲಿ ಇರುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿಯ ಫೈಲ್ ತೆರೆದರೆ 83 ಅಂತ ಒಂದು ಅಂಕಿ ಬರುತ್ತದೆ, ಅಷ್ಟೇ. ಕೇಳಿದ ಗಳಿಗೆಯಲ್ಲಿ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಬರೆದು ಕೊಡುವ ಉತ್ತರ ಅದು. ಒಂದು ಫೈಲಿಗೆ ಒಂದೇ ಮಾಹಿತಿ ಅನ್ನುವುದು ಅಲ್ಲಿನ ಪದ್ಧತಿ. ಉತ್ತರ ಬರೆಯಲು ಸಿಗುವುದು ಮೆಮೊರಿಯ ಒಂದು ಪುಟ. ನಮ್ಮ ಸಾಮಾನ್ಯ ಕಂಪ್ಯೂಟರಿನಲ್ಲಿ ಅದು 4096 ಬೈಟ್.

ಬೈಟ್ ಬೇರೆ, ಅಕ್ಷರ ಬೇರೆ. ಇಂಗ್ಲಿಷಿನಲ್ಲಿ ಕಲಬುರಗಿ ಅಂತ ಬರೆದರೆ 10 ಬೈಟ್, ಕನ್ನಡದಲ್ಲಿ ಬರೆದರೆ 21.

ತೂತು ಆದದ್ದು ಐಸ್ಕಸಿ ಅನ್ನುವ ಭಾಗದಲ್ಲಿ. ದೂರದ ಡಿಸ್ಕನ್ನು ನೆಟ್‌ವರ್ಕ್ ಮೂಲಕ ಜೋಡಿಸುವ ಕೋಡ್ ಅದು. ಕೆಲವು ಹೆಸರುಗಳನ್ನು ನೆಟ್‌ಲಿಂಕ್ ಎಂಬ ಇನ್ನೊಂದು ಬಾಗಿಲಿನಿಂದ ಒಳಗೆ ಕಳಿಸಬಹುದಿತ್ತು. ಅಲ್ಲಿ ಉದ್ದ ಅಳೆಯುವವರು ಯಾರೂ ಇರಲಿಲ್ಲ. ಆಮೇಲೆ ಅದೇ ಹೆಸರನ್ನು ಸಿಸ್‌ಎಫ್‌ಎಸ್‌ನಲ್ಲಿ ಓದಿದರೆ ಒಂದು ಪುಟ ತುಂಬಿ, ಕರ್ನಲ್ ಪಕ್ಕದ ಮೆಮೊರಿಯ ಮೇಲೂ ಬರೆಯುತ್ತಿತ್ತು. ಮಿತಿ ಎಲ್ಲರಿಗೂ ಗೊತ್ತಿತ್ತು. ಅಳೆಯುವುದು ಇನ್ನೊಬ್ಬರ ಕೆಲಸ ಅಂದುಕೊಂಡಿದ್ದರು. 2006ರಿಂದ ಹೀಗೇ ಇತ್ತು. 2021ರ ಮಾರ್ಚ್‌ನಲ್ಲಿ ಗ್ರಿಮ್ ಎಂಬ ಸೈಬರ್ ಭದ್ರತಾ ಸಂಸ್ಥೆಯವರು ಬಯಲು ಮಾಡಿದರು. ಅದೇ ತಿಂಗಳು 7ರಂದು ಬಂದ 5.11.4 ಕರ್ನಲ್‌ನಲ್ಲಿ ಸರಿಯಾಯಿತು. ಹಳೆಯ ಕರ್ನಲ್ ಸರಣಿಗಳಿಗೂ ಆ ತಿದ್ದುಪಡಿ ಬಂತು.

ಈ ತೂತು ಬಳಸಲು ಕಳ್ಳ ಮೊದಲೇ ಆ ಯಂತ್ರದಲ್ಲಿ ಲಾಗಿನ್ ಆಗಿರಬೇಕು. ಐಸ್ಕಸಿಯೂ ಲೋಡ್ ಆಗಿರಬೇಕು. ಸಂದೇಶ ಕಳಿಸಿ ಮೊಬೈಲ್ ಕದಿಯುವ ಮಾತೇ ಇಲ್ಲ."

ಕಾಕಾ: ಅಂದರೆ ನಾನು ಹೇಳಿದ್ದು ನಿಜ.

ಅಣ್ಣ: 2021ರ ಸುದ್ದಿ ಕಾಕಾ. ತಾರೀಕು ಕೇಳಿದ್ದೇ ಅದಕ್ಕೆ.

ದೊಡ್ಡಪ್ಪ: ಮತ್ತೆ ಶುರು ಮಾಡಿದಿರಾ?

ಅಕ್ಕ: ಫೋಟೋ ಮಾತು ಯಾರೂ ಎತ್ತುತ್ತಿಲ್ಲ.

ಮಾವನ ಮಗಳು ಮಾತ್ರ ಪೂರ್ತಿ ಓದಿದ್ದಳು. "ಅಪ್ಪನ ಕೊನೆಯ ಸಾಲಿನ ಹಾಗೆ, ಅಲ್ವಾ?" ಅಂತ ಕೇಳಿದಳು. ಹೌದು ಅಂದೆ. ಅಪ್ಪನ ಸಾಲು ಬರೀ ಕಳೆದುಹೋಗುತ್ತಿತ್ತು. ಇಲ್ಲಿ ದಾಟಿದ ಸಾಲು ಪಕ್ಕದವರ ಲೆಕ್ಕದ ಮೇಲೆ ಕೂರುತ್ತದೆ.

ಆದರೆ ಒಂದು ಮಾತು ತಲೆಯಲ್ಲೇ ಉಳಿಯಿತು. 2019ರಲ್ಲಿ ಅಣ್ಣ ಹಾಕಿದ ಲಿನಕ್ಸ್, ಆಮೇಲೆ ಯಾರಾದರೂ ಅಪ್‌ಡೇಟ್ ಮಾಡಿದ್ದಾರಾ?

ಸಂಜೆ ಕಾಕಾಗೆ ವಿಡಿಯೋ ಕಾಲ್ ಮಾಡಿದೆ. ಅಣ್ಣ ಲಿನಕ್ಸ್ ಹಾಕಿದ್ದ ಆ ಕಂಪ್ಯೂಟರ್ ಈಗ ಕಾಕಾನ ದಾಲ್ ಮಿಲ್ಲಿನ ಬಿಲ್ ಯಂತ್ರ. ಕೀಬೋರ್ಡ್ ಸಂದಿಯಲ್ಲಿ ತೊಗರಿ ಹೊಟ್ಟಿನ ಹಳದಿ ಧೂಳು. ಕರ್ನಲ್ ಯಾವುದು ಅಂತ ತೋರಿಸುವ ಯೂನೇಮ್ ಆಜ್ಞೆಯನ್ನು ಒಂದೊಂದೇ ಅಕ್ಷರ ಹೇಳಿ ಬರೆಸಿದೆ. 4.15.0-20 ಅಂತ ಬಂತು. ಅಣ್ಣ ಹಾಕಿದ್ದ ಲಿನಕ್ಸ್ ಆವೃತ್ತಿ ಉಬುಂಟು 18.04, ಅದರ ಮೊದಲ ಕರ್ನಲ್. ಹಾಕಿದ ದಿನ ಹೇಗಿತ್ತೋ ಹಾಗೇ ಇತ್ತು. ಲೋಡ್ ಆಗಿರುವ ಭಾಗಗಳನ್ನು ತೋರಿಸುವ ಎಲ್‌ಎಸ್‌ಮಾಡ್ ಪಟ್ಟಿಯಲ್ಲಿ ಐಸ್ಕಸಿ ಇರಲಿಲ್ಲ. ಹಾಗಾಗಿ ಈ ತೂತಿನ ಭಯ ಕಡಿಮೆ. ಆದರೆ ಆಮೇಲಿನ ಎಷ್ಟೋ ತೂತುಗಳು ಹಾಗೇ ಇವೆ. ಆ ಆವೃತ್ತಿಯ ಉಚಿತ ಬೆಂಬಲ 2023ರಲ್ಲೇ ಮುಗಿದಿದೆ. ಹೊಸದು ಹಾಕಲೇಬೇಕು.

ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಗ್ರೂಪಿನಲ್ಲೇ ಬರೆದರು: "ತಮ್ಮಾ, ಮುಂದಿನ ಭಾನುವಾರ ಬಾ. ಮೊದಲು ಎಲ್ಲ ಬಿಲ್ಲು ಪೆನ್‌ಡ್ರೈವ್‌ಗೆ ತೆಗಿ. ಎರಡು ಕಾಪಿ. ನಿಮ್ಮ ಅಕ್ಕನ ಮುಂದೆಯೇ ತೆಗಿ."